ಎರಡು ಕೈಯ ಎಣಿಕೆ

ಜನವರಿ 12

ಬಿಚ್ಚಪ್ಪಾ,

ಫೋನ್ ಎತ್ತಲೇಬಾರದು ಅಂತ ತೀರ್ಮಾನ ಮಾಡಿಕೊಂಡ ಹಾಗಿದೆ ನೀನು. ಸರಿ, ಎತ್ತಬೇಡ. ಕಾಗದ ಒಡೆಯದೆ ಹೇಗಿರುತ್ತೀಯೋ ನೋಡುತ್ತೇನೆ. ಮುಚ್ಚಿದ್ದು ಏನು ಕಂಡರೂ ಬಿಚ್ಚಿ ನೋಡುತ್ತಿದ್ದೆ ಅಂತ ತಾನೇ ಮನೆಮಂದಿಯೆಲ್ಲ ಸೇರಿ ನಿನಗೆ ಆ ಹೆಸರಿಟ್ಟದ್ದು. ಅಲಾರಾಂ ಗಡಿಯಾರವನ್ನೇ ಬಿಡದವನಿಗೆ ಲಕೋಟೆ ಯಾವ ಮಹಾ?

ನಿನ್ನೆ ನಿನ್ನ ಸೂಪರ್‌ವೈಸರ್ ನನಗೆ ಫೋನ್ ಮಾಡಿದ್ದರು. ಪಾಪ, ಒಳ್ಳೆಯ ಮನುಷ್ಯ. "ಮೇಡಂ, ಅವನು ಕೈಯಾಡಿಸಿದ ಲಿಫ್ಟು ವರ್ಷಗಟ್ಟಲೆ ಕೆಡಲ್ಲ. ಆದ್ರೆ ಬರ್ತೀನಿ ಅಂತಾನೂ ಹೇಳಲ್ಲ, ಬರಲ್ಲ ಅಂತಾನೂ ಹೇಳಲ್ಲ. ನಾನೇನ್ ಮಾಡ್ಲಿ ನೀವೇ ಹೇಳಿ" ಅಂದರು. ನ್ಯುಮೋನಿಯಾ ಆಗಿತ್ತಲ್ಲ, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ ಅಂದೆ. "ಅದು ಅಕ್ಟೋಬರ್ ಮಾತು ಮೇಡಂ" ಅಂದರು. ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಶ್ವಾಸಕೋಶ ಸರಿಯಾಗಿದೆ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಮತ್ತೆ ಹಾಸಿಗೆಯಲ್ಲಿ ಏನು ಮಾಡುತ್ತಿದ್ದೀಯ? ಅಪ್ಪನ ಕಥೆ ನೆನಪಿದೆ ತಾನೇ? ಟೈಫಾಯ್ಡ್ ಬಿಟ್ಟ ಮೇಲೂ ಹದಿನಾಲ್ಕು ತಿಂಗಳು ಆ ಹಲಗೆಯ ಅಡ್ಡಗೋಡೆ ಕಡೆ ಮುಖ ಮಾಡಿ ಮಲಗೇ ಇದ್ದರು. ಅವರು ಕಟಿಂಗ್ ಮಾಸ್ಟರ್ ಆಗಿದ್ದ ಬಟ್ಟೆ ಅಂಗಡಿಯವರು ಆ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಂಡರು. ಅಮ್ಮ ಅದೇ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಮ್ಮನ್ನು ಸಾಕಿದಳು. ಕೊನೆಗೆ ನನಗೆ ತಡೆಯಲಾಗದೆ, ಹದಿನೈದು ವರ್ಷದವಳು, ಒಂದು ಬೆಳಿಗ್ಗೆ ಅಪ್ಪ ಏಳುವ ಮುಂಚೆ ಅವರದೇ ಅಳತೆಯ ನೀಲಿ ಸುಣ್ಣದಕಡ್ಡಿ ತೆಗೆದುಕೊಂಡು, ಅವರ ಕಣ್ಣಿಗೆ ನೇರವಾಗಿ ಹಲಗೆಯ ಮೇಲೆ 'ಮೈಗಳ್ಳ' ಅಂತ ಬರೆದೆ. ಸಂಜೆ ಶಾಲೆಯಿಂದ ಬಂದು ನೋಡಿದರೆ ಅದರ ಮೇಲೆ ಕ್ಯಾಲೆಂಡರ್ ನೇತಾಡುತ್ತಿತ್ತು. ಓದಿ, ನಾಚಿ, ಮುಚ್ಚಿಕೊಂಡಿದ್ದರು. ಮೂರನೇ ದಿನ ಎದ್ದು ಗಡ್ಡ ಹೆರೆದುಕೊಂಡು ಕೆಲಸ ಹುಡುಕಲು ಹೊರಟರು. ಅಪ್ಪನ ಎದುರಿಗೆ ಯಾರೂ ಬಾಯಿಬಿಡಲಿಲ್ಲ ಅನ್ನು, ಆದರೆ ಅಮ್ಮ ಇವತ್ತಿಗೂ ಅದನ್ನು 'ಸುಣ್ಣದಕಡ್ಡಿ ಮದ್ದು' ಅನ್ನುತ್ತಾಳೆ.

ಆ ಮದ್ದು ನಿನಗೂ ಬೇಕು. ಏಳು, ಮುಖ ತೊಳಿ, ಬಟ್ಟೆ ಹಾಕಿಕೋ, ಹೊರಡು. ಮೈಗಳ್ಳತನ ನಮ್ಮ ಮನೆಯಲ್ಲಿ ಒಬ್ಬರಿಗೆ ಸಾಕು.

ಎರಡು ಸಾಲು ಬರಿ.

ನಿನ್ನ ಅಕ್ಕ

*

ಜನವರಿ 29

ಅಕ್ಕ,

ಕಾಗದ ಬಂದ ದಿನವೇ ಒಡೆದೆ. ಉತ್ತರ ಬರೆಯುವುದು ತಡವಾಯಿತು.

ಏನು ಮಾಡುತ್ತೀಯ ಅಂತ ಕೇಳಿದ್ದೀಯ. ಬೆಳಿಗ್ಗೆ ಎಚ್ಚರವಾಗುತ್ತದೆ. ಹಲ್ಲುಜ್ಜಬೇಕು ಅಂದುಕೊಳ್ಳುತ್ತೇನೆ. ಬ್ರಷ್ಷು ಎಲ್ಲಿದೆ ಅಂತ ಗೊತ್ತು, ಎಷ್ಟು ಹೆಜ್ಜೆ ಅಂತಲೂ ಗೊತ್ತು, ಒಂಬತ್ತು. ಹನ್ನೊಂದು ಗಂಟೆಗೆ ಇನ್ನೂ ಅಂದುಕೊಳ್ಳುತ್ತಲೇ ಇರುತ್ತೇನೆ. ಬ್ರೆಡ್ಡು ತಿನ್ನುತ್ತೇನೆ. ಡಾಕ್ಟರು ಮನಸ್ಸಿಗೆ ಅಂತ ಒಂದು ಮಾತ್ರೆ ಬರೆದಿದ್ದಾರೆ, ಅದನ್ನು ತಪ್ಪಿಸುವುದಿಲ್ಲ.

ನಮ್ಮ ಕಟ್ಟಡದ ಲಿಫ್ಟು ಎರಡನೇ ಮಹಡಿಯಲ್ಲಿ ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲುತ್ತಿದೆ. ಮಲಗಿದಲ್ಲೇ ಸದ್ದು ಕೇಳಿಸುತ್ತದೆ. ಬ್ರೇಕು ಸವೆದಿದೆ. ಮೂರನೇ ಮಹಡಿಯ ಮೇಷ್ಟ್ರು, ರಿಟೈರಾದವರು, ಕೋಲು ಹಿಡಿದು ನಡೆಯುತ್ತಾರೆ, ಎರಡು ಸಲ ಬಂದು ಬಾಗಿಲು ತಟ್ಟಿದರು. "ಏನಪ್ಪಾ, ಮನೆಯೊಳಗೇ ಡಾಕ್ಟರನ್ನ ಇಟ್ಕೊಂಡು ನಾವು ಮೆಟ್ಟಿಲು ಹತ್ತಬೇಕಾ?" ಅಂದರು. ನಾಳೆ ನೋಡುತ್ತೇನೆ ಅಂದೆ. ಅದಾಗಿ ಹತ್ತು ದಿನ.

ನೀನು ಬರೆದದ್ದು ಸರಿಯೇ ಇರಬೇಕು. ನಾನು ಮೈಗಳ್ಳನೇ. ಅಪ್ಪ ಮೂರನೇ ದಿನ ಎದ್ದರು, ನಾನು ಹದಿನೇಳು ದಿನವಾದರೂ ಎದ್ದಿಲ್ಲ.

ತಮ್ಮ

*

ಫೆಬ್ರವರಿ 8

ಬಿಚ್ಚಪ್ಪಾ,

ನಿನ್ನ ಕಾಗದ ಓದಿದೆ. ನನ್ನ ನಾಲಿಗೆ ನಿನಗೆ ಗೊತ್ತೇ ಇದೆ. ನಾನು ಬೈದರೆ ನೀನು ತಿರುಗಿ ಬೈಯುತ್ತೀಯ, ಅಲ್ಲಿಗೆ ಎದ್ದೇಳುತ್ತೀಯ ಅಂದುಕೊಂಡಿದ್ದೆ. ಒಪ್ಪಿಕೊಳ್ಳುತ್ತೀಯ ಅಂತ ಅಂದುಕೊಂಡಿರಲಿಲ್ಲ. ಆ ಮಾತು ವಾಪಸ್ಸು ತೆಗೆದುಕೊಂಡಿದ್ದೇನೆ.

ಈಗ ನನ್ನ ಕೆಲಸದ ವಿಷಯ ಹೇಳುತ್ತೇನೆ, ಬೇಸರಿಸದೆ ಓದು, ನಿನಗೆ ಸಂಬಂಧಪಟ್ಟದ್ದೇ. ಪ್ರಯೋಗಾಲಯದಲ್ಲಿ ಇಲಿಯ ಮಿದುಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲೆ ಹಾಸಿ, ಎಣಿಸುವುದು ನನ್ನ ಕಸುಬು ಅಂತ ನಿನಗೆ ಗೊತ್ತು. ಏನನ್ನು ಎಣಿಸುತ್ತೇನೆ ಅಂತ ನೀನು ಯಾವತ್ತೂ ಕೇಳಿಲ್ಲ. ಈ ಸಲ ಎಣಿಸುತ್ತಿರುವುದು ಮೈಕ್ರೋಗ್ಲಿಯಾ ಅನ್ನುವ ಕೋಶಗಳನ್ನು. ರಕ್ತದಲ್ಲಿ ರೋಗದ ಜೊತೆ ಹೊಡೆದಾಡುವ ಬಿಳಿಕಣಗಳು ಇವೆಯಲ್ಲ, ಮಿದುಳಿನೊಳಗೆ ಆ ಕೆಲಸ ಇವುಗಳದು. ನಾನು 'ಗಸ್ತಿನವರು' ಅನ್ನುತ್ತೇನೆ. ಸುಮ್ಮನಿರುವಾಗ ಇವುಗಳದು ಸಣ್ಣ ಮೈ, ಸುತ್ತಲೂ ನೀಳ ಎಳೆಗಳು. ಆ ಎಳೆಗಳಿಂದ ಪಕ್ಕದ ನರಕೋಶಗಳ ಕೊಂಡಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿರುತ್ತವೆ, ಕಸ ತೆಗೆಯುತ್ತವೆ, ಕೆಲಸಕ್ಕೆ ಬಾರದ ಕೊಂಡಿಯನ್ನು ಕತ್ತರಿಸುತ್ತವೆ. ಮೈಗೆ ಸೋಂಕು ತಗುಲಿದರೆ ಸುದ್ದಿ ಇವುಗಳಿಗೂ ಮುಟ್ಟುತ್ತದೆ. ಆಗ ಮೈ ಊದಿಕೊಳ್ಳುತ್ತದೆ, ಎಳೆಗಳು ಮೋಟಾಗುತ್ತವೆ, ಉರಿಯೂತದ ರಾಸಾಯನಿಕ ಬಿಡುತ್ತವೆ. ಜ್ವರ ಬಂದಾಗ ಊಟ ಬೇಡ, ಮಾತು ಬೇಡ, ಗೋಡೆ ಕಡೆ ತಿರುಗಿ ಮಲಗಬೇಕು ಅನ್ನಿಸುತ್ತದಲ್ಲ, ಅದು ಹೆಚ್ಚುಕಡಿಮೆ ಇವುಗಳ ಅಪ್ಪಣೆ. ಜ್ವರ ಇಳಿದ ಮೇಲೆ ಇವೂ ಇಳಿಯಬೇಕು. ಕೆಲವರಲ್ಲಿ ಇಳಿಯದೆ ಉಳಿದುಬಿಡುತ್ತವೆ, ಖಿನ್ನತೆಗೆ ಅದೂ ಒಂದು ಕಾರಣ ಇರಬಹುದು ಅಂತ ಒಂದು ವಾದ.

ನಮ್ಮಲ್ಲಿ ನಲವತ್ತೆಂಟು ಸ್ಲೈಡ್‌ಗಳಿವೆ. ಅರ್ಧ ಇಲಿಗಳನ್ನು ಐದು ವಾರ ಗೋಳು ಹೊಯ್ದುಕೊಂಡಿದ್ದಾರೆ. ಒದ್ದೆ ಹಾಸು, ಓರೆ ಪಂಜರ, ಒಂಟಿತನ. ಸಿಹಿನೀರು ಇಟ್ಟರೂ ಮೂಸದಷ್ಟು ಮಂಕಾದ ಮೇಲೆ ಬಿಟ್ಟಿದ್ದಾರೆ. ಉಳಿದರ್ಧ ಸುಖವಾಗಿದ್ದವು. ಯಾವ ಸ್ಲೈಡು ಯಾವ ಇಲಿಯದು ಅಂತ ನನಗೆ ಗೊತ್ತಾಗಬಾರದು. ಸಹೋದ್ಯೋಗಿ ಒಬ್ಬಳು ಪ್ರತಿ ಸ್ಲೈಡಿನ ಹೆಸರಿನ ಮೇಲೆ ಚೀಟಿ ಅಂಟಿಸಿ ಬರೀ ನಂಬರು ಬರೆಯುತ್ತಾಳೆ, ಪಟ್ಟಿ ಅವಳ ಡ್ರಾಯರಿನಲ್ಲಿ, ಬೀಗ ಹಾಕಿ. ನಾನು ಅವಳನ್ನು ಚೀಟಿರಾಣಿ ಅನ್ನುತ್ತೇನೆ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅದಕ್ಕೆ ಈ ಕಟ್ಟು. ನನ್ನ ಎರಡು ಕೈಯಲ್ಲೂ ಟಿಕ್ ಟಿಕ್ ಅನ್ನುವ ಎಣಿಕೆಯಂತ್ರ. ನೀಳ ಕೋಶ ಕಂಡರೆ ಬಲಗೈ, ಊದಿದ್ದು ಕಂಡರೆ ಎಡಗೈ.

ಹನ್ನೆರಡು ಮುಗಿಸಿದ್ದೇನೆ. ಯಾರೂ ಹೇಳಬೇಕಾಗಿಲ್ಲ, ನನಗೆ ಗೊತ್ತಾಗಿಹೋಗಿದೆ. ಕೆಲವು ಸ್ಲೈಡುಗಳಲ್ಲಿ ಎಡಗೈ ಬಿಡುವಿಲ್ಲದೆ ಬಡಿಯುತ್ತದೆ. ಅವೇ ಮಂಕಾದ ಇಲಿಗಳವು. ಬೇರೆಯವುಗಳಲ್ಲಿ ಕೋಶಗಳೇ ಕಡಿಮೆ, ಶಾಂತವಾಗಿವೆ.

ಅಂದರೆ ಇದು ನಿನ್ನ ತಪ್ಪಲ್ಲ ಕಣೋ. ನ್ಯುಮೋನಿಯಾ ಹೋಯಿತು, ಮಿದುಳಿನ ಊತ ಹೋಗಿಲ್ಲ. ಅಷ್ಟೇ. ಅಪ್ಪನಿಗೂ ಟೈಫಾಯ್ಡ್ ಆದ ಮೇಲೇ ಅಲ್ಲವೇ ಹಾಗಾದದ್ದು. ಅದನ್ನು ಯೋಚಿಸಿದಾಗ ನನಗೆ ಆ ಸುಣ್ಣದಕಡ್ಡಿ ನೆನಪಾಗಿ ಹೇಗೋ ಆಗುತ್ತದೆ.

ಅಕ್ಕ

*

ಫೆಬ್ರವರಿ 25

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದುಹೋಗಿದೆ, ಟೇಪು ಹಚ್ಚಿದ್ದೇನೆ.

ನಾನು ಕೆಟ್ಟವನಾಗಿಬಿಟ್ಟೆ ಅಂದುಕೊಂಡಿದ್ದೆ. ಮಾತ್ರೆ ಕೊಡುವಾಗ ಡಾಕ್ಟರು ಇದೂ ಒಂದು ಕಾಯಿಲೆಯೇ ಅಂದಿದ್ದರು, ಆದರೆ ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ ಅನ್ನಿಸಿತ್ತು. ನೀನು ಕಣ್ಣಾರೆ ನೋಡಿದ್ದೀಯ, ಎಣಿಸಿದ್ದೀಯ. ಅದು ಬೇರೆ. ಹೋದ ವಾರ ಮೂರು ದಿನ ಕೆಲಸಕ್ಕೆ ಹೋಗಿದ್ದೆ. ಸೂಪರ್‌ವೈಸರ್ ಏನೂ ಕೇಳಲಿಲ್ಲ, ಟೀ ತರಿಸಿಕೊಟ್ಟರು. ಒಂದು ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುತ್ತಿರಲಿಲ್ಲ, ಕೆಳಗಿನ ಜಾಡಿನಲ್ಲಿ ಯಾರದೋ ಅಂಗಿಯ ಗುಂಡಿ ಸಿಕ್ಕಿಕೊಂಡಿತ್ತು. ತೆಗೆದೆ. ನಾಲ್ಕನೇ ದಿನ ಮತ್ತೆ ಆಗಲಿಲ್ಲ. ಆದರೂ ಮೂರು ದಿನ.

ಒಂದು ಪ್ರಶ್ನೆ. ನಮ್ಮ ಕಸುಬಿನಲ್ಲಿ ಏನು ಕೆಟ್ಟಿದೆ ಅಂತ ಗೊತ್ತಾದ ಮೇಲೆ ರಿಪೇರಿ ಅರ್ಧ ಆದ ಹಾಗೆ. ಊತ ಅಂತ ಗೊತ್ತಾದ ಮೇಲೆ ಊತಕ್ಕೆ ಮದ್ದು ಕೊಡಬೇಕಲ್ಲವೇ? ಡಾಕ್ಟರು ಕೊಟ್ಟಿರುವುದು ಬೇರೆಯದಕ್ಕೆ ಅನ್ನಿಸುತ್ತದೆ. ಹೋದ ವರ್ಷ ಮಂಡಿ ಊದಿಕೊಂಡಿದ್ದಾಗ ಕೊಟ್ಟಿದ್ದ ಮಾತ್ರೆ ಇನ್ನೂ ಒಂದು ಡಬ್ಬಿ ಇದೆ. ಬಿಳಿಯದು. ನಿನಗೆ ಏನನ್ನಿಸುತ್ತದೆ?

ಅಮ್ಮನಿಗೆ ಚೆನ್ನಾಗಿದ್ದೇನೆ ಅಂತ ಹೇಳು.

ತಮ್ಮ

*

ಮಾರ್ಚ್ 6

ಬಿಚ್ಚಪ್ಪಾ,

ಮೂರು ದಿನ! ಅಮ್ಮನಿಗೆ ಓದಿ ಹೇಳಿದೆ. ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿ, "ಅಂಗಿ ಗುಂಡಿ ಒಂದು ಲಿಫ್ಟನ್ನೇ ನಿಲ್ಸತ್ತಾ?" ಅಂದಳು. ಅವಳಿಗೆ ಅದೇ ದೊಡ್ಡ ಸುದ್ದಿ.

ನನಗೆ ಉಸಿರಾಡಲು ಪುರಸೊತ್ತಿಲ್ಲ. ಒಂದು ಸ್ಲೈಡಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಕುತ್ತಿಗೆ ಹಿಡಿದುಕೊಂಡಿದೆ, ಎಡಗೈ ಹೆಬ್ಬೆರಳು ಬಾತುಕೊಂಡಿದೆ, ಊದಿದ ಕೋಶಗಳ ಸಹವಾಸ! ಇಪ್ಪತ್ತೆಂಟು ಆಗಿದೆ. ಈಗಂತೂ ಸ್ಲೈಡು ಇಟ್ಟ ಎರಡೇ ನಿಮಿಷಕ್ಕೆ ಇದು ಯಾವ ಗುಂಪು ಅಂತ ಹೇಳಬಲ್ಲೆ. ಎಣಿಕೆಯೂ ನನ್ನ ಊಹೆಯಂತೆಯೇ ಬರುತ್ತಿದೆ, ಒಂದೂ ತಪ್ಪಿಲ್ಲ.

ಊತ ಇಳಿದರೆ ಉಳಿದದ್ದೆಲ್ಲ ತಾನೇ ಇಳಿಯುತ್ತದೆ, ಚಿಂತೆ ಮಾಡಬೇಡ. ಹೊಟ್ಟೆ ತುಂಬ ಊಟ ಮಾಡು. ವಿವರವಾಗಿ ಆಮೇಲೆ ಬರೆಯುತ್ತೇನೆ.

ಅಕ್ಕ

*

ಮಾರ್ಚ್ 30

ಅಕ್ಕ,

ಎಲ್ಲ ಸರಿಯಾಗಿದೆ. ಚಿಂತೆ ಬೇಡ. ಬರೆಯಲು ವಿಶೇಷ ಏನಿಲ್ಲ.

ತಮ್ಮ

*

ಏಪ್ರಿಲ್ 11

ಬಿಚ್ಚಪ್ಪಾ,

ನಿನ್ನ ಚೋಟುದ್ದದ ಕಾಗದ ನೋಡಿ ಖುಷಿಯಾಯಿತು. ಮನುಷ್ಯ ಕೆಲಸದಲ್ಲಿ ಮುಳುಗಿದ್ದರೆ ಅಕ್ಕನಿಗೆ ಪುಟಗಟ್ಟಲೆ ಬರೆಯುತ್ತಾನೆಯೇ? ಅಮ್ಮನಿಗೂ ಅದನ್ನೇ ಹೇಳಿದೆ.

ನಲವತ್ತೆಂಟೂ ಮುಗಿದವು. ನನ್ನ ಲೆಕ್ಕ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೈಗೆ ಹೋಗಿದೆ. ಮಂಗಳವಾರ ಎಲ್ಲರೂ ಕೂತು, ಚೀಟಿರಾಣಿ ಡ್ರಾಯರು ತೆಗೆದು, ಪಟ್ಟಿ ಬಿಚ್ಚುತ್ತಾಳೆ. ನೀನು ಇಲ್ಲಿರಬೇಕಿತ್ತು, ಬಿಚ್ಚುವ ಕೆಲಸ ಅಲ್ಲವೇ!

ಬಿಚ್ಚಿದ ದಿನವೇ ನಿನಗೆ ಬರೆಯುತ್ತೇನೆ.

ಅಕ್ಕ

*

ಮೇ 20

ಅಕ್ಕ,

ಬಿಚ್ಚಿದ ದಿನವೇ ಬರೆಯುತ್ತೇನೆ ಅಂದಿದ್ದೆ. ಐದು ವಾರ ಕಾದೆ. ನಿನಗೆ ಏನೋ ಆಗಿದೆ ಅಂದುಕೊಂಡು ಒಂದು ದಿನ ಫೋನ್ ಮಾಡಲೂ ಹೊರಟಿದ್ದೆ. ನಂಬರು ಒತ್ತಿ ಇಟ್ಟುಬಿಟ್ಟೆ.

ಇದನ್ನು ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಾಳೆ ಮನೆಗೆ ಬಿಡುತ್ತಾರೆ. ಅಮ್ಮನಿಗೆ ಹೇಳಬೇಡ.

ಮಾರ್ಚಿನಲ್ಲಿ ನಿನ್ನ ಕಾಗದ ಬಂದ ಮೇಲೆ ಮನಸ್ಸಿನ ಮಾತ್ರೆ ನಿಲ್ಲಿಸಿದೆ. ಆ ಬಿಳಿ ಮಾತ್ರೆ ಶುರು ಮಾಡಿದೆ, ದಿನಕ್ಕೆ ಎರಡು. ಊತ ಇಳಿದರೆ ಎಲ್ಲ ಇಳಿಯುತ್ತದೆ ಅಂತ ನೀನು ಬರೆದಿದ್ದೆಯಲ್ಲ. ಮೊದಲ ವಾರ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಹಾಸಿಗೆ ಬಿಟ್ಟು ಏಳಲೇ ಆಗುತ್ತಿರಲಿಲ್ಲ. ಡೋಸು ಸಾಲದು ಅಂದುಕೊಂಡು ಮೂರು ಮಾಡಿದೆ. ಡಬ್ಬಿ ಮುಗಿದಾಗ ಮೆಟ್ಟಿಲಿಳಿದು ಹೋಗಿ ಇನ್ನೊಂದು ತಂದೆ. ತಿಂಗಳಲ್ಲಿ ಹೊರಗೆ ಹೋದದ್ದು ಅದೊಂದೇ ಸಲ. ಹೊಟ್ಟೆ ಉರಿಯುತ್ತಿತ್ತು, ಮಲ ಕಪ್ಪಗೆ ಬರುತ್ತಿತ್ತು. ಹದಿನಾರನೇ ತಾರೀಕು ಬ್ರೆಡ್ಡು ತರಲು ಹೊರಟವನು ಎರಡನೇ ಮಹಡಿಯ ಮೆಟ್ಟಿಲಲ್ಲಿ ಕುಸಿದುಬಿದ್ದೆ. ಲಿಫ್ಟು ಪೂರ್ತಿ ನಿಂತುಹೋಗಿತ್ತು. ಮೇಷ್ಟ್ರು ಕೋಲು ಬಡಿದು ಬಡಿದು ಕಟ್ಟಡದವರನ್ನೆಲ್ಲ ಕೂಗಿದರಂತೆ. ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತು, ಎರಡು ಬಾಟಲಿ ಕೊಟ್ಟರು.

ಡಾಕ್ಟರು ಯಾರು ಹೇಳಿದ್ದು ಈ ಮಾತ್ರೆ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ನಿನ್ನನ್ನು ದೂರುತ್ತಿಲ್ಲ ಅಕ್ಕ. ಆ ಕಾಗದ ಇಲ್ಲದಿದ್ದರೆ ಈ ಮೂರು ತಿಂಗಳು ಹೇಗಿರುತ್ತಿದ್ದೆನೋ ಗೊತ್ತಿಲ್ಲ.

ಪಟ್ಟಿ ಬಿಚ್ಚಿದಾಗ ಏನು ಬಂತು? ಅದೊಂದು ಹೇಳು.

ತಮ್ಮ

*

ಮೇ 23

ಬಿಚ್ಚಪ್ಪಾ,

ನಿನ್ನ ನಂಬರಿಗೆ ಹನ್ನೊಂದು ಸಲ ಮಾಡಿದೆ. ಹನ್ನೆರಡನೇ ಸಲ ಮೇಷ್ಟ್ರು ಎತ್ತಿದರು. "ಮಲಗಿದಾನಮ್ಮ, ಉಸಿರಾಡ್ತಿದಾನೆ, ಗಂಜಿ ಕುಡ್ದ" ಅಂದರು. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಡ ಅನ್ನಬೇಡ, ಟಿಕೆಟ್ ಆಗಿದೆ. ಈ ಕಾಗದ ನನಗಿಂತ ಮುಂಚೆ ತಲುಪಲಿ ಅಂತ ಕೊರಿಯರಿನಲ್ಲಿ ಹಾಕುತ್ತಿದ್ದೇನೆ. ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಪಟ್ಟಿ ಬಿಚ್ಚಿದಾಗ ನಾನು ಹೇಳಿದ್ದೆಲ್ಲ ಉಲ್ಟಾ ಬಂತು.

ಎಡಗೈ ಬಡಿಯುತ್ತಿದ್ದ ಸ್ಲೈಡುಗಳು ಸುಖವಾಗಿದ್ದ ಇಲಿಗಳವು. ಕೋಶಗಳು ಕಡಿಮೆ ಇವೆ, ಶಾಂತವಾಗಿವೆ ಅಂತ ನಾನು ನಿನಗೆ ಬರೆದಿದ್ದೆನಲ್ಲ, ಅವೇ ಮಂಕಾದ ಇಲಿಗಳವು. ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರು ಸ್ಲೈಡು ಮತ್ತೆ ನೋಡಿದರು. ನಾನು ಊದಿದ್ದು ಅಂತ ಎಣಿಸಿದ್ದರಲ್ಲಿ ಮುಕ್ಕಾಲು ಪಾಲು ಸಾಮಾನ್ಯ ಕೋಶಗಳು, ಚೂರು ದಪ್ಪ, ಅಷ್ಟೇ. ಮೊದಲ ಹನ್ನೆರಡರಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಅನುಮಾನ ಬಂದ ಕೋಶವನ್ನೆಲ್ಲ ಆ ತೀರ್ಮಾನದ ಕಡೆಗೇ ತಳ್ಳಿದ್ದೇನೆ. ಚೀಟಿ ಕೀಳಲಿಲ್ಲ ನಾನು, ಡ್ರಾಯರಿಗೆ ಕೈಹಾಕಲಿಲ್ಲ. ಚೀಟಿಯ ಮೇಲೆ ನಾನೇ ಹೆಸರು ಬರೆದುಕೊಂಡೆ. ಹದಿನಾರು ವರ್ಷದ ಸರ್ವೀಸಿನಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಯಾಕೆ ಮಾಡಿದೆ ಅಂತ ಮೇಡಂ ಕೇಳಿದರು. ತಮ್ಮನಿಗೆ ಹುಷಾರಿಲ್ಲ ಅಂದೆ. ಅವರು "ಹಾಗಿದ್ರೆ ಈ ಕೆಲಸ ಬೇರೆಯವರಿಗೆ ಕೊಡಿ ಅಂತ ನೀವು ಮೊದ್ಲೇ ಹೇಳ್ಬೇಕಿತ್ತು" ಅಂದರು. ಹೌದು, ಹೇಳಬೇಕಿತ್ತು.

ಮಂಕಾದ ಇಲಿಗಳಲ್ಲಿ ನಿಜಕ್ಕೂ ಏನಾಗಿದೆ ಗೊತ್ತಾ? ಗಸ್ತಿನವರು ಊದಿಲ್ಲ. ಸೊರಗಿದ್ದಾರೆ. ಮೈ ಮುರುಟಿದೆ, ಎಳೆಗಳು ತುಂಡಾಗಿವೆ, ಎಷ್ಟೋ ಸತ್ತೇಹೋಗಿವೆ. ಮೊದಲ ದಿನಗಳಲ್ಲಿ ಊದಿದ್ದಿರಬಹುದು, ಐದು ವಾರ ಗೋಳು ತಿಂದು ಸುಸ್ತಾಗಿವೆ ಅಂತ ಮೇಡಂ ಹೇಳುತ್ತಾರೆ. ಬೇರೆ ಕಡೆಯವರೂ ಹೀಗೆ ಕಂಡಿದ್ದಾರಂತೆ. ಸೋಂಕಿನ ಹಿಂದೆ ಬರುವುದು ಒಂದು ಥರ, ದಿನಾ ನೋವು ತಿಂದು ಬರುವುದು ಇನ್ನೊಂದು ಥರ, ಮನುಷ್ಯರಲ್ಲಿ ಯಾರದು ಯಾವುದು ಅಂತ ಹೊರಗಿನಿಂದ ಹೇಳಲಾಗದು. ಇಲಿಯ ಲೆಕ್ಕ ಮನುಷ್ಯನಿಗೆ ಹಾಗೇ ಹೊಂದುವುದೂ ಇಲ್ಲ. ಸೊರಗಿದ ಕೋಶಗಳು ನನ್ನ ಕಣ್ಣೆದುರಿಗೇ ಇದ್ದವು. ಎಣಿಸಲಿಲ್ಲ, ಯಾಕೆಂದರೆ ನನ್ನ ಹತ್ತಿರ ಇದ್ದದ್ದು ಎರಡೇ ಕೈ, ನೀಳ ಮತ್ತು ಊದಿದ್ದು. ಮೂರನೆಯದನ್ನು ಬಲಗೈಗೆ ಹಾಕಿ ಮುಂದೆ ಹೋದೆ.

ನಿನ್ನ ಮಾರ್ಚಿನ ಕಾಗದ ಮೂರು ಸಾಲಿತ್ತು. ಚೆನ್ನಾಗಿದ್ದೀಯ ಅಂತ ಅದನ್ನೂ ಹಾಗೇ ಬಲಗೈಗೆ ಹಾಕಿದೆ.

ಐದು ವಾರ ಬರೆಯದೆ ಇದ್ದದ್ದು ಹೇಡಿತನ. ತಪ್ಪು ನಿನ್ನದಲ್ಲ ಅಂದ ಮಾತು ಹಿಡಿದುಕೊಂಡು ನೀನು ಎದ್ದು ನಿಂತಿದ್ದೀಯ, ಅದನ್ನೇ ಕಿತ್ತುಕೊಂಡರೆ ಬಿದ್ದುಹೋಗುತ್ತೀಯ ಅಂತ ಹೆದರಿದೆ. ನೀನು ಅದಾಗಲೇ ಬೀಳುತ್ತಿದ್ದೆ. ನೀನು ಸಾಯಬಹುದಿತ್ತು. ಮಾತ್ರೆಯ ಬಗ್ಗೆ ನೀನು ನೇರವಾಗಿ ಕೇಳಿದ್ದೆ, ನಾನು ಓದಿ, ಉತ್ತರ ಬರೆಯದೆ ಜಂಬ ಬರೆದೆ.

ತಪ್ಪು ನಿನ್ನದಲ್ಲ ಅನ್ನುವುದು ಈಗಲೂ ನಿಜ ಅಂತ ನಾನು ನಂಬುತ್ತೇನೆ. ಆದರೆ ಎಣಿಸಿ ಹೇಳುತ್ತಿದ್ದೇನೆ ಅಂತ ಹೇಳಲಾರೆ. ಕ್ಷಮಿಸು.

ಅಕ್ಕ

*

ಜೂನ್ 9

ಬಿಚ್ಚಪ್ಪಾ,

ವಾಪಸ್ಸಿನ ಬಸ್ಸು ಸರಿಯಾದ ಹೊತ್ತಿಗೆ ತಲುಪಿತು. ಅಮ್ಮನಿಗೆ ಎಲ್ಲ ಹೇಳಿದೆ, ಮುಚ್ಚಿಟ್ಟದ್ದಕ್ಕೆ ಇಬ್ಬರಿಗೂ ಬೈದಳು. ಆಮೇಲೆ ನಿನಗೆ ಎರಡು ಪೈಜಾಮ ಕತ್ತರಿಸಿದಳು, ಅಳತೆ ಹಳೆಯದು, ನೀನೀಗ ಸಣ್ಣಗಾಗಿದ್ದೀಯ ಅಂತ ಹೇಳಲು ಮನಸ್ಸಾಗಲಿಲ್ಲ.

ಒಂಬತ್ತು ದಿನ ಒಂದೇ ಮನೆಯಲ್ಲಿದ್ದೆವು. ನಾನು ಪರದೆ ಒಗೆದೆ, ಫ್ರಿಜ್ಜು ತೊಳೆದೆ, ನಿನ್ನ ಸ್ಕ್ರೂ ಡಬ್ಬಿಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿದೆ. ನೀನು ಬೇಡ ಬೇಡ ಅನ್ನುತ್ತಿದ್ದೆ. ಕೊರಿಯರಿನಲ್ಲಿ ಕಳಿಸಿದ ಆ ಕಾಗದದ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಟೇಪು ಹಚ್ಚಿದ ಫೆಬ್ರವರಿಯ ಕಾಗದ ನಿನ್ನ ದಿಂಬಿನ ಕೆಳಗೆ ಸಿಕ್ಕಿತು. ಮಡಿಸಿ ಅಲ್ಲೇ ಇಟ್ಟೆ.

ನಲವತ್ತೆಂಟು ಸ್ಲೈಡುಗಳಿಗೂ ಹೊಸ ಚೀಟಿ ಬಿದ್ದಿದೆ, ಹೊಸ ನಂಬರು. ಈ ಸಲ ಎಣಿಸುವವರು ಇಬ್ಬರು, ಅದರಲ್ಲಿ ನಾನಿಲ್ಲ. ನಾನು ಕೊಯ್ದು ಬಣ್ಣ ಹಾಕುತ್ತೇನೆ. ಎಣಿಕೆಯಂತ್ರ ಮೂರು ಮಾಡಿದ್ದಾರೆ, ಮೂರನೆಯದು ಕಾಲಿನಲ್ಲಿ ಒತ್ತುವುದು. ಚೀಟಿರಾಣಿಗೆ ಅದು ಹೊಲಿಗೆ ಯಂತ್ರದ ಹಾಗೆ ಕಾಣುತ್ತದಂತೆ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಅಪ್ಪನಿಗೆ ನಾನು ಬರೆದದ್ದು. ಬರೆದೆ, ಮೂರನೇ ದಿನ ಎದ್ದರು, ಆದ್ದರಿಂದ ಬರೆದದ್ದಕ್ಕೇ ಎದ್ದರು ಅಂತ ಇಪ್ಪತ್ತಮೂರು ವರ್ಷ ಹೇಳಿಕೊಂಡು ಬಂದೆ. ಅಷ್ಟೇ ಅಲ್ಲ, ಅದೇ ಮದ್ದು ನಿನಗೂ ಕೊಟ್ಟೆ. ಕಾಯಿಲೆಯ ಮನುಷ್ಯ ಕಣ್ಣು ಬಿಟ್ಟ ಕೂಡಲೇ ಮಗಳ ಕೈಬರಹದಲ್ಲಿ ಅದನ್ನು ಓದಿದಾಗ ಏನನ್ನಿಸಿರಬೇಕು ಅಂತ ಈಗ ಯೋಚಿಸುತ್ತೇನೆ. ಕೇಳೋಣವೆಂದರೆ ಅವರು ಹೋಗಿ ಆರು ವರ್ಷ. ನೀನು ಅದೇ ಕೋಣೆಯಲ್ಲಿ ಮಲಗುತ್ತಿದ್ದೆ. ಎಂಟು ವರ್ಷದವನು, ನೆನಪಿದೆಯೋ ಇಲ್ಲವೋ. ಅಪ್ಪ ಅದನ್ನು ಓದಿದಾಗ ನೀನು ನೋಡಿದೆಯಾ? ನಿಜ ಹೇಳು.

ಅಕ್ಕ

*

ಜುಲೈ 4

ಅಕ್ಕ,

ಮೊದಲು ವರದಿ. ಮನಸ್ಸಿನ ಮಾತ್ರೆ ಮತ್ತೆ ಶುರುವಾಗಿ ಆರು ವಾರ. ಹೊಟ್ಟೆ ವಾಸಿಯಾಗಿದೆ. ಡಾಕ್ಟರು ರಕ್ತದಲ್ಲಿ ಉರಿಯೂತದ ಪರೀಕ್ಷೆಯನ್ನೂ ಮಾಡಿಸಿದರು, ಸಾಮಾನ್ಯವಾಗಿಯೇ ಇದೆಯಂತೆ. ಹಾಗಂತ ಮಿದುಳಿನೊಳಗೆ ಏನಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ ಅಂದರು. ವಾರಕ್ಕೊಮ್ಮೆ ಮಾತಾಡಿಸುತ್ತಾರೆ. ಹಲ್ಲುಜ್ಜುವುದು ಈಗ ಒಂಬತ್ತು ಗಂಟೆಯೊಳಗೆ ಆಗುತ್ತಿದೆ. ಎಲ್ಲ ದಿನ ಅಲ್ಲ.

ನಮ್ಮ ಲಿಫ್ಟು ಓಡುತ್ತಿದೆ. ನಾನು ರಿಪೇರಿ ಮಾಡಲಿಲ್ಲ. ಕಂಪನಿಯಿಂದ ಇಬ್ಬರು ಬಂದಿದ್ದರು, ನಾನು ಮೇಲಿನ ಯಂತ್ರದ ಕೋಣೆಯ ಮೆಟ್ಟಿಲ ಮೇಲೆ ಕೂತು ಬ್ರೇಕು ನೋಡಿ ಅಂತ ಹೇಳಿದೆ ಅಷ್ಟೆ. ಬ್ರೇಕೇ ಆಗಿತ್ತು. ಮೇಷ್ಟ್ರು ಅದರಲ್ಲಿ ಸುಮ್ಮನೆ ಮೂರು ಸಲ ಮೇಲೆ ಕೆಳಗೆ ಓಡಾಡಿದರು.

ಅಲ್ಲಿ ಕೂತಾಗ ನಿನ್ನ ಕೋಶಗಳ ವಿಷಯ ಯೋಚಿಸಿದೆ. ಸರ್ವೀಸಿನವನು ಅತಿಯಾಗಿ ಕೈಯಾಡಿಸಿದರೂ ಲಿಫ್ಟು ಕೆಡುತ್ತದೆ, ಬರದೇ ಹೋದರೂ ಕೆಡುತ್ತದೆ. ಹೊರಗೆ ನಿಂತವನಿಗೆ ಎರಡೂ ಒಂದೇ, ಗುಂಡಿ ಒತ್ತಿದರೂ ಬರುವುದಿಲ್ಲ. ನೀನು ಹೇಳಿದ್ದು ಉಲ್ಟಾ ಆಯಿತು ಅಂತ ಓದಿದಾಗ ನಾನು ಬೀಳಲಿಲ್ಲ ಅಕ್ಕ. ಏನೋ ಕೆಟ್ಟಿದೆ, ಏನು ಅಂತ ಇನ್ನೂ ಗೊತ್ತಿಲ್ಲ, ಅಷ್ಟೇ ಆಯಿತು. ನಮ್ಮ ಕಸುಬಿನಲ್ಲಿ ಅದು ದಿನನಿತ್ಯದ ಮಾತು. ಗೊತ್ತಿಲ್ಲದಿದ್ದಾಗ ಲಿಫ್ಟಿಗೆ ಯಾರೂ ಬೈಯುವುದಿಲ್ಲ.

ಈಗ ನೀನು ಕೇಳಿದ್ದು.

ಅಪ್ಪ ಅದನ್ನು ಓದಲಿಲ್ಲ. ನೀನು ಬರೆದು ಶಾಲೆಗೆ ಓಡಿದೆ. ನನಗೆ ಎಚ್ಚರವಾಯಿತು, ಕೂಡಿಸಿ ಕೂಡಿಸಿ ಓದಿದೆ. ಎದುರು ಗೋಡೆಯ ಕ್ಯಾಲೆಂಡರ್ ಬಿಚ್ಚಿ, ಅಪ್ಪನ ಗುಂಡುಸೂಜಿ ಡಬ್ಬಿಯಿಂದ ನಾಲ್ಕು ತೆಗೆದುಕೊಂಡು, ಅಪ್ಪನ ಮೈಮೇಲಿಂದ ಬಗ್ಗಿ ಹಲಗೆಗೆ ಚುಚ್ಚಿದೆ. ಅವರು ಕಣ್ಣುಬಿಟ್ಟಾಗ ಕಂಡದ್ದು ತಾರೀಕುಗಳು. "ಇವತ್ತು ಎಷ್ಟನೇ ತಾರೀಕೋ?" ಅಂತ ಕೇಳಿದರು. ಅವರು ಏನನ್ನಾದರೂ ಕೇಳಿ ಎಷ್ಟೋ ದಿನವಾಗಿತ್ತು. ಮೂರನೇ ದಿನ ಎದ್ದದ್ದು ತಾರೀಕು ನೋಡಿಯೋ, ಹೊತ್ತು ಬಂದಿತ್ತೋ, ನನಗೆ ಗೊತ್ತಿಲ್ಲ. ನೀನೂ ಅಮ್ಮನೂ ಸುಣ್ಣದಕಡ್ಡಿ ಮದ್ದು ಅಂತ ನಗುತ್ತಿದ್ದಿರಿ, ನಿಮ್ಮ ನಗು ಯಾಕೆ ಹಾಳುಮಾಡಲಿ ಅಂತ ಸುಮ್ಮನಿದ್ದೆ.

ಹಳೆಯದರ ಮೇಲೆ ಹೊಸದು ಅಂತ ಅಲ್ಲಿ ವರ್ಷವರ್ಷ ಕ್ಯಾಲೆಂಡರ್ ಬಿತ್ತು. ನೀನು ಕೆಲಸ ಸಿಕ್ಕಿ ಹೋದ ಮೇಲೆ ಆ ಮನೆ ಬಿಡುವಾಗ ಒಂಬತ್ತು ಇದ್ದವು. ಅಪ್ಪನೇ ತೆಗೆದರು. ಕೆಳಗೆ ನಿನ್ನ ಅಕ್ಷರ ನೀಲಿಯಾಗಿ ಹಾಗೇ ಇತ್ತು. ನಾನು ಬರೆದದ್ದು ಅಂದೆ. "ನಿನ್ನ ಅಕ್ಷರ ಕೋಳಿ ಕಾಲು, ಇದು ನಿನ್ನಕ್ಕಂದು" ಅಂತ ನಕ್ಕರು. ಆಮೇಲೆ ಅಂಗೈಯಿಂದ ಒರೆಸಿ, ಕೈ ನೋಡಿಕೊಂಡು ಹೇಳಿದರು. "ಈಗ ಓದಿದ್ದೇ ಒಳ್ಳೇದಾಯ್ತು ಕಣೋ. ಆಗ ಓದಿದ್ದಿದ್ರೆ ನಿಜ ಅಂದ್ಕೊಂಡ್ಬಿಡ್ತಿದ್ದೆ."

ಜನವರಿಯ ನಿನ್ನ ಕಾಗದ ನಾನು ಆಗಲೇ ಓದಿಬಿಟ್ಟೆ ಅಕ್ಕ. ನಿಜ ಅಂದುಕೊಂಡೆ. ನಿನಗೆ ಬೇಸರವಾಗಲಿ ಅಂತ ಹೇಳುತ್ತಿಲ್ಲ, ನಿಜ ಹೇಳು ಅಂದೆಯಲ್ಲ, ಅದಕ್ಕೆ. ಅದನ್ನು ಹರಿದು ಹಾಕಿದ್ದೇನೆ. ಫೆಬ್ರವರಿಯದು ಇಟ್ಟುಕೊಂಡಿದ್ದೇನೆ, ಲೆಕ್ಕ ತಪ್ಪಿದ್ದರೂ.

ಗೋಡೆಗೆ ಒಂದು ಕ್ಯಾಲೆಂಡರ್ ತಂದು ಹಾಕಿದ್ದೇನೆ, ವರ್ಷ ಅರ್ಧ ಮುಗಿದಿದೆ ಅಂತ ಅಂಗಡಿಯವನು ನಕ್ಕ. ಹದಿನೈದಕ್ಕೆ ಸುತ್ತು ಹಾಕಿದ್ದೇನೆ. ಅವತ್ತಿನಿಂದ ಕೆಲಸ, ಸದ್ಯಕ್ಕೆ ಅರ್ಧ ದಿನ. ಅಮ್ಮನ ಪೈಜಾಮ ಸೊಂಟದಲ್ಲಿ ನಿಲ್ಲುತ್ತಿಲ್ಲ, ದಾರ ಕಟ್ಟಿಕೊಂಡಿದ್ದೇನೆ. ಅವಳಿಗೆ ಸರಿಯಾಗಿದೆ ಅಂತಲೇ ಹೇಳು.

ಬಿಚ್ಚಪ್ಪ